ಆಸನಗಳಿಗೆ 5000 ವರ್ಷವೇ?

ಪ್ರಶ್ನೆ: ನಮ್ಮ ಯೋಗ ತರಗತಿಯಲ್ಲಿ ಮೊಹೆಂಜೊದಾರೊ ಮುದ್ರೆಯ ಚಿತ್ರ ತೋರಿಸಿ, ಈಗಿನ ಆಸನಗಳೆಲ್ಲ 5000 ವರ್ಷ ಹಳೆಯವು ಎನ್ನುತ್ತಾರೆ. ಇದು ನಿಜವೇ?
– ಓದುಗರೊಬ್ಬರು, ಉಡುಪಿ

ಉತ್ತರ: ಮುದ್ರೆ ಪ್ರಾಚೀನವೇ ಹೌದು, ಅದರಿಂದ ಎಳೆದ ತೀರ್ಮಾನ ಮಾತ್ರ ದುರ್ಬಲ. ಕಾಲು ಮಡಚಿ ಕುಳಿತ ಆ ಆಕೃತಿಯನ್ನು ಶಿವನ ಪೂರ್ವರೂಪವೆಂದು 1931ರಲ್ಲಿ ವಾದಿಸಿದವರು ಪುರಾತತ್ವಜ್ಞ ಜಾನ್ ಮಾರ್ಷಲ್. ಸಿಂಧೂ ಲಿಪಿಯನ್ನು ಇಂದಿಗೂ ಓದಲಾಗದಿರುವುದರಿಂದ ಆತ ದೇವರೋ, ಯೋಗಿಯೋ, ಸುಮ್ಮನೆ ಕುಳಿತವನೋ ಎಂಬುದು ಊಹೆಯಾಗಿಯೇ ಉಳಿದಿದೆ.

ಸ್ಪಷ್ಟವಾದ ಆಧಾರ ದೊರೆಯುವುದು ಕಠೋಪನಿಷತ್ತಿನಲ್ಲಿ. ಇಂದ್ರಿಯಗಳನ್ನು ಸ್ಥಿರವಾಗಿ ಹಿಡಿದಿಡುವುದೇ ಯೋಗವೆಂದು ಯಮನು ನಚಿಕೇತನಿಗೆ ಅಲ್ಲಿ ತಿಳಿಸುತ್ತಾನೆ. ಪತಂಜಲಿಯ ಯೋಗಸೂತ್ರದಲ್ಲಿರುವ 200ಕ್ಕೆ ತುಸು ಕಡಿಮೆ ಸೂತ್ರಗಳಲ್ಲಿ ಆಸನವನ್ನು ವಿವರಿಸುವವು ಕೇವಲ ಮೂರು. ಅದು ಸ್ಥಿರವೂ ಸುಖಕರವೂ ಆಗಿರಬೇಕೆನ್ನುವ ಸೂತ್ರಕಾರರು ಒಂದು ಭಂಗಿಯನ್ನೂ ಹೆಸರಿಸುವುದಿಲ್ಲ.

ದೇಹವನ್ನೇ ಸಾಧನವಾಗಿಸಿಕೊಂಡ ಹಠಯೋಗವು ಬೆಳೆದದ್ದು ಬಹಳ ತಡವಾಗಿ, ಮತ್ತು ಅದರಲ್ಲಿ ಶೈವ ಯೋಗಿಗಳ ಸಂಪ್ರದಾಯವಾದ ನಾಥಪಂಥದವರ ಪಾತ್ರ ದೊಡ್ಡದು. ಆ ಪಂಥದ ಕುರುಹು ಕಾಣಲು ನೀವು ದೂರ ಹೋಗಬೇಕಾಗಿಲ್ಲ: ಮಂಗಳೂರಿನ ಕದ್ರಿಯಲ್ಲಿ ಜೋಗಿ ಮಠ ಇಂದಿಗೂ ಇದೆ. ಸಮೀಪದ ಮಂಜುನಾಥ ದೇವಾಲಯದಲ್ಲಿ ಆಳುಪ ಅರಸ ಕುಂದವರ್ಮನು 968ರಲ್ಲಿ ಪ್ರತಿಷ್ಠಾಪಿಸಿದ, ಬೌದ್ಧರ ಬೋಧಿಸತ್ವನಾದ ಲೋಕೇಶ್ವರನ ಕಂಚಿನ ಮೂರ್ತಿಯಿದ್ದು, ಅಲ್ಲಿ ಬೌದ್ಧ ಮತ್ತು ಶೈವ ಪರಂಪರೆಗಳು ಬೆರೆತುಕೊಂಡಿವೆ.

15ನೇ ಶತಮಾನದ ಹಠಯೋಗಪ್ರದೀಪಿಕೆ ವರ್ಣಿಸುವುದು 15 ಆಸನಗಳನ್ನಷ್ಟೇ, ಅವುಗಳಲ್ಲಿ ಹೆಚ್ಚಿನವು ಕುಳಿತು ಮಾಡುವಂಥವು. ತರಗತಿಗಳಲ್ಲಿ ಇಂದು ಕಾಣುವ, ಉಸಿರಿನೊಂದಿಗೆ ಹೆಣೆದ ಆಸನ ಸರಣಿಗಳಲ್ಲಿ ಅನೇಕವು 1930ರ ದಶಕದಲ್ಲಿ ಮೈಸೂರು ಅರಮನೆಯ ಆಶ್ರಯದಲ್ಲಿ ಟಿ. ಕೃಷ್ಣಮಾಚಾರ್ಯರು ಕಲಿಸಿದ ಕ್ರಮದಿಂದ ಬಂದವು.