ಪ್ರತಿಕ್ರಿಯೆ: ಜೋ ಥಾಮಸ್ ಪುಟದಲ್ಲಿ ಯಾರ್ಡ್, ಟಚ್‌ಡೌನ್ ಯಾಕಿಲ್ಲ?

ನೀವು ನೋಡಿದ ಅಂಕಿಅಂಶದ ಪುಟ ಕೆಟ್ಟಿಲ್ಲ. ಯಾರ್ಡ್ ಅಂದರೆ ಚೆಂಡನ್ನು ಮುಂದೆ ಸಾಗಿಸಿದ ದೂರ, ಟಚ್‌ಡೌನ್ ಅಂದರೆ ಚೆಂಡನ್ನು ಎದುರಾಳಿಯ ಕೊನೆಯ ಗೆರೆ ದಾಟಿಸಿ ಗಳಿಸುವ ಅಂಕ. ಥಾಮಸ್ ಅಮೆರಿಕನ್ ಫುಟ್‌ಬಾಲ್‌ನಲ್ಲಿ ಆಡಿದ್ದು ಲೆಫ್ಟ್ ಟ್ಯಾಕಲ್ ಆಗಿ, ಅಂದರೆ ಅಫೆನ್ಸಿವ್ ಲೈನ್‌ಮನ್ (ಚೆಂಡು ಇರುವ ತಂಡದ ಮುಂಸಾಲಿನ ರಕ್ಷಕ). ಇವರ ಕೆಲಸ ಚೆಂಡು ಹಿಡಿದು ಓಡುವುದಲ್ಲ, ಚೆಂಡು ಎಸೆಯುವ ಕ್ವಾರ್ಟರ್‌ಬ್ಯಾಕ್ ಮೇಲೆ ಬೀಳಲು ಬರುವವರನ್ನು ತಡೆಯುವುದು. ಅದಕ್ಕೇ ಆ ಕಾಲಮ್‌ಗಳು ಖಾಲಿ. ನಾನೂ ಮೊದಲು ಇಲ್ಲೇ ಎಡವಿದ್ದೆ.

ಹಾಗಾದರೆ ಇಂಥವರನ್ನು ಅಳೆಯುವುದು ಹೇಗೆ? ಮೊದಲು, ಒಟ್ಟು ಎಷ್ಟು ಪಂದ್ಯ ಆಡಿದ್ದಾರೆ ನೋಡಿ: 167, ಎಲ್ಲವೂ ಕ್ಲೀವ್‌ಲ್ಯಾಂಡ್ ಬ್ರೌನ್ಸ್ ತಂಡಕ್ಕೇ. ಆಮೇಲೆ ಸ್ನ್ಯಾಪ್, ಅಂದರೆ ಚೆಂಡು ಚಲಿಸಿ ಆಟ ಶುರುವಾಗುವ ಪ್ರತಿ ಸಲ. 2007ರ ಮೊದಲ ಪಂದ್ಯದಿಂದ 2017ರ ಅಕ್ಟೋಬರ್‌ನಲ್ಲಿ ತೋಳಿನ ಸ್ನಾಯು ಹರಿಯುವವರೆಗೆ ಒಂದೂ ಬಿಡದೆ 10,363 ಸ್ನ್ಯಾಪ್! ದೈತ್ಯರನ್ನು ಎದೆಕೊಟ್ಟು ತಡೆಯುವ ಜಾಗದಲ್ಲಿ ನಿಂತು ಇಷ್ಟು ಆಡುವುದು ಸುಮ್ನೆ ಮಾತಲ್ಲ. ನನಗೆ ಎಲ್ಲಕ್ಕಿಂತ ದೊಡ್ಡದು ಇದೇ.

ನಂತರ ಆಯ್ಕೆಗಳು: 10 ಸಲ ಪ್ರೊ ಬೌಲ್ (ತಾರಾ ಆಟಗಾರರ ಪಂದ್ಯ), 6 ಸಲ ಆಲ್-ಪ್ರೊ (ವರ್ಷದ ಶ್ರೇಷ್ಠರ ಪಟ್ಟಿ) ಮೊದಲ ತಂಡ, 2023ರಲ್ಲಿ ಹಾಲ್ ಆಫ್ ಫೇಮ್ (ಆಟದ ಮಹಾನ್ ಆಟಗಾರರ ಗೌರವ ಪಟ್ಟಿ). ತಂಡದ ಸೋಲು-ಗೆಲುವಿನಿಂದ ಅಳೆಯಬೇಡಿ. ಅವರ 11 ವರ್ಷಗಳಲ್ಲಿ ಬ್ರೌನ್ಸ್ ಒಮ್ಮೆಯೂ ಪ್ಲೇಆಫ್‌ಗೆ, ಅಂದರೆ ಲೀಗ್ ನಂತರದ ನಾಕೌಟ್ ಸುತ್ತಿಗೆ, ಹೋಗಲಿಲ್ಲ.

'ಬಿಟ್ಟುಕೊಟ್ಟ ಸ್ಯಾಕ್' (ಇವರ ತಪ್ಪಿನಿಂದ ಕ್ವಾರ್ಟರ್‌ಬ್ಯಾಕ್ ಚೆಂಡು ಎಸೆಯುವ ಮೊದಲೇ ಎದುರಾಳಿಯ ಕೈಗೆ ಸಿಕ್ಕಿ ಬಿದ್ದದ್ದು) ಅನ್ನುವ ಲೆಕ್ಕವನ್ನು ಜಾಸ್ತಿ ನಂಬಬೇಡಿ. ತಪ್ಪು ಯಾರದು ಅನ್ನುವುದು ಎಣಿಸುವವರ ಅಂದಾಜು, ಒಬ್ಬೊಬ್ಬರದು ಒಂದೊಂದು.

ಕೊನೆಗೆ ಒಂದು ಹಳೆಯ ಪಂದ್ಯದ ವಿಡಿಯೊ ಹಾಕಿ. ಚೆಂಡನ್ನು ಮರೆತು, ಲೈನಿನ ಎಡತುದಿಯಲ್ಲಿರುವ 73ನೇ ನಂಬರ್, ಅಂದರೆ ಥಾಮಸ್ ಮೇಲೆ ಮಾತ್ರ ಕಣ್ಣಿಡಿ. ಹಿಂದೆ ಸರಿಯುವಾಗ ಅವರ ಪಾದ ಗಮನಿಸಿ. ಹತ್ತು ಸ್ನ್ಯಾಪ್ ನೋಡುವಷ್ಟರಲ್ಲಿ ಅವರ ಆಟ ಎಂಥದ್ದು ಅಂತ ಗೊತ್ತಾಗುತ್ತದೆ.