ಬಾಗಿಲು ಮುಚ್ಚಿಕೊಳ್ಳೋಕೆ ಹತ್ತು ನಿಮಿಷ

ಓದುಗರ ಪತ್ರ: "ಬೆಳಗ್ಗೆ ಐದಕ್ಕೆ ಏಳುತ್ತೇನೆ. ಇಬ್ಬರು ಚಿಕ್ಕ ಮಕ್ಕಳು, ಹಾಸಿಗೆ ಹಿಡಿದ ಅತ್ತೆ, ಆಮೇಲೆ ಆಫೀಸು. ರಾತ್ರಿ ಮೊಣಕಾಲೂರಿದರೆ ಅಲ್ಲೇ ನಿದ್ದೆ. ನನ್ನ ಗಂಡ ಒಂದು ದಿನವೂ ಬೆಳಗಿನ ಪ್ರಾರ್ಥನೆ ತಪ್ಪಿಸುವುದಿಲ್ಲ, ನಾನೇ ಹೀಗೆ. ದಿನಕ್ಕೆ ಒಂದು ಗಂಟೆಯಾದರೂ ಪ್ರಾರ್ಥಿಸಬೇಕು ಅಂತ ಸಭೆಯಲ್ಲಿ ಹೇಳುತ್ತಾರೆ. ಕೆಲಸ ಮಾಡುತ್ತಲೇ ಮನಸ್ಸಿನಲ್ಲಿ ಪ್ರಾರ್ಥಿಸಿದರೆ ಸಾಲದೇ?"

ಪ್ರಿಯ ಸಹೋದರಿ,

ನಿಮ್ಮ ಪತ್ರವನ್ನು ಮೂರು ಸಲ ಓದಿದೆ. ಮೊದಲು ಆ ನಿದ್ದೆಯ ವಿಚಾರ. ಒಂದು ಗಂಟೆಯ ಲೆಕ್ಕ ಹೇಳುವವರು ಸಾಮಾನ್ಯವಾಗಿ, ಬಂಧನದ ರಾತ್ರಿ ಯೇಸು ಪ್ರಾರ್ಥಿಸಿದ ಗೆತ್ಸೇಮನೆ ತೋಟದ ಮಾತನ್ನೇ ತೋರಿಸುತ್ತಾರೆ. ಒಂದು ಗಂಟೆಯಾದರೂ ಎಚ್ಚರವಾಗಿರಲಾರಿರಾ ಎಂದು ಯೇಸುಸ್ವಾಮಿ ನಿದ್ದೆಹೋಗಿದ್ದ ಶಿಷ್ಯರನ್ನು ಕೇಳಿದ್ದು ನಿಜ, ಮತ್ತಾಯ 26:40. ಆದರೆ 41ನೇ ವಚನವನ್ನೂ ಓದಬೇಕು ಅಲ್ವಾ? ಮನಸ್ಸು ಸಿದ್ಧವಾಗಿದೆ, ದೇಹಕ್ಕೆ ಬಲ ಸಾಲದು ಎಂದು ಅವರ ಪರವಾಗಿ ಹೇಳಿದವನೂ ಆತನೇ. ಆತ ಕಲಿಸಿಕೊಟ್ಟ ಪ್ರಾರ್ಥನೆ ನಿಧಾನವಾಗಿ ಹೇಳಿದರೂ ಒಂದು ನಿಮಿಷದೊಳಗೆ ಮುಗಿಯುತ್ತದೆ. ಗಡಿಯಾರದ ಹೆದರಿಕೆ ಬಿಡಿ.

ಇನ್ನು ನಿಮ್ಮ ಪ್ರಶ್ನೆ. ಕೆಲಸದ ನಡುವೆ ಮಾಡುವ ಪ್ರಾರ್ಥನೆಯೂ ಪ್ರಾರ್ಥನೆಯೇ. ಬೈಬಲಿನಲ್ಲಿ, ನಿನಗೆ ಏನು ಬೇಕು ಎಂದು ಪರ್ಷಿಯಾದ ಅರಸ ಕೇಳಿದಾಗ, ಉತ್ತರ ಕೊಡುವ ಮುಂಚೆ ಅವನ ಪಾನಸೇವಕ ನೆಹೆಮೀಯ ನಿಂತಲ್ಲೇ ಪ್ರಾರ್ಥಿಸಿದ. 17ನೇ ಶತಮಾನದಲ್ಲಿ ಪ್ಯಾರಿಸ್ಸಿನ ಒಂದು ಮಠದಲ್ಲಿ ಅಡುಗೆ ಕೆಲಸಕ್ಕಿದ್ದ ಬ್ರದರ್ ಲಾರೆನ್ಸ್ ಪಾತ್ರೆಗಳ ಸದ್ದಿನ ನಡುವೆಯೂ ದೇವರ ಜೊತೆ ಮಾತಾಡುತ್ತಿದ್ದರು.

ಆದರೆ ಅಷ್ಟೇ ಸಾಕು ಎಂದು ನಾನು ಹೇಳಲಾರೆ. ಲಾರೆನ್ಸ್ ಇದ್ದದ್ದು ಮಠದಲ್ಲಿ. ಅಲ್ಲಿ ಪ್ರಾರ್ಥನೆಗೆ ಗೊತ್ತಾದ ಹೊತ್ತುಗಳಿದ್ದವು. ನಿಮ್ಮ ಮನೆಯಲ್ಲಿ ಅಂಥ ಹೊತ್ತು ಎಲ್ಲಿದೆ? ಮಾರ್ಕನ ಸುವಾರ್ತೆಯ ಮೊದಲ ಅಧ್ಯಾಯ ತೆಗೆದು ನೋಡಿ. ಸಂಜೆ ರೋಗಿಗಳನ್ನು ಕರೆದುಕೊಂಡು ಊರಿಗೆ ಊರೇ ಯೇಸು ಇದ್ದ ಮನೆಯ ಬಾಗಿಲಲ್ಲಿ ನೆರೆದಿತ್ತು. ಮರುದಿನ ಇನ್ನೂ ಕತ್ತಲಿರುವಾಗ ಯೇಸು ಎದ್ದು, ಯಾರೂ ಇಲ್ಲದ ಕಡೆ ಹೋಗಿ ಪ್ರಾರ್ಥಿಸಿದ. ಶಿಷ್ಯ ಸೀಮೋನ ಹುಡುಕಿಕೊಂಡು ಬಂದು 'ಎಲ್ಲರೂ ನಿನ್ನನ್ನು ಹುಡುಕುತ್ತಿದ್ದಾರೆ' ಎಂದ. ಈ ಮಾತು ನೀವು ದಿನಕ್ಕೆ ಎಷ್ಟು ಸಲ ಕೇಳುತ್ತೀರಿ! ಯೇಸುವಿಗೇ ಎದ್ದು ದೂರ ಹೋಗಬೇಕಾಯಿತು. ನಮಗೆ ಬೇಡವೇ?

ಜರ್ಮನಿಯ ಧರ್ಮಸುಧಾರಕ ಮಾರ್ಟಿನ್ ಲೂಥರ್ 1535ರಲ್ಲಿ ತನ್ನ ಕ್ಷೌರಿಕ ಪೀಟರ್‌ನಿಗಾಗಿ ಪ್ರಾರ್ಥನೆ ಮಾಡುವ ಬಗೆಯನ್ನು ಬರೆದುಕೊಟ್ಟ. ಬೆಳಗಿನ ಮೊದಲ ಕೆಲಸವೂ ರಾತ್ರಿಯ ಕೊನೆಯ ಕೆಲಸವೂ ಅದೇ ಆಗಲಿ ಅನ್ನುತ್ತಾನೆ. 'ಇನ್ನೊಂದು ಗಂಟೆ ಬಿಟ್ಟು ಮಾಡೋಣ, ಮೊದಲು ಇದನ್ನು ಮುಗಿಸೋಣ' ಅನ್ನುವ ಯೋಚನೆಯ ಬಗ್ಗೆ ಹುಷಾರಾಗಿರು ಎಂದೂ ಎಚ್ಚರಿಸುತ್ತಾನೆ. ಕೆಲಸ ಹೆಚ್ಚಾಗಿ ತನ್ನ ಮನಸ್ಸೇ ತಣ್ಣಗಾದಾಗ ಕೀರ್ತನೆಗಳ ಪುಟ್ಟ ಪುಸ್ತಕ ಹಿಡಿದು ಕೋಣೆಗೆ ಓಡುತ್ತಿದ್ದನಂತೆ.

ಕೋಣೆಗೆ ಓಡುತ್ತಿದ್ದ. ನೀವು ಓಡಿದರೆ ಮಕ್ಕಳೂ ಹಿಂದೆಯೇ ಬರುತ್ತಾರೆ. ನಿಮ್ಮ ಪತ್ರದಲ್ಲಿ ನನ್ನನ್ನು ಚುಚ್ಚಿದ್ದು ಗಂಡನ ಬಗ್ಗೆ ನೀವು ಬರೆದ ಆ ಒಂದು ಸಾಲು. ಅವರ ಪ್ರಾರ್ಥನೆ ತಪ್ಪುವುದಿಲ್ಲ, ಸಂತೋಷ. ಆ ಹೊತ್ತಿನಲ್ಲಿ ಮಕ್ಕಳನ್ನು ಸುಮ್ಮನಿರಿಸುವವರು ಯಾರು? ತಪ್ಪೆಲ್ಲ ನಿಮ್ಮದೇ ಎಂಬಂತೆ ಬರೆದಿದ್ದೀರಿ. ಅದಕ್ಕೆ ನಿಮ್ಮ ಮೇಲೆ ನನಗೆ ಸ್ವಲ್ಪ ಸಿಟ್ಟಿದೆ.

ನನ್ನ ಅಪ್ಪನಿಗೆ ಸಭೆಯಲ್ಲಿ ಎದ್ದು ನಿಂತು ಪ್ರಾರ್ಥಿಸೋಕೆ ಬರುತ್ತಿರಲಿಲ್ಲ. ನಾಲ್ಕು ಮಾತಿಗೇ ತಡವರಿಸುತ್ತಿದ್ದರು. ಆದರೆ ದಿನಾ ಬೆಳಗ್ಗೆ ತಮ್ಮನನ್ನು ಟವಲಿನಲ್ಲಿ ಸುತ್ತಿ ಹೆಗಲಿಗೆ ಹಾಕಿಕೊಂಡು ಅಂಗಳದಲ್ಲಿ ಅತ್ತಿಂದಿತ್ತ ನಡೆಯುತ್ತಿದ್ದರು. ಅವನು ಅತ್ತರೆ ಇನ್ನೂ ದೂರ ಹೋಗುತ್ತಿದ್ದರು. ಒಳಗೆ ಅಮ್ಮ ಮಂಚದ ಅಂಚಿನಲ್ಲಿ ಕೂತಿರುತ್ತಿದ್ದಳು. ತಲೆಗೆ ಸೆರಗು, ಮಡಿಲಲ್ಲಿ ಬೈಬಲ್, ಮೂಲೆ ಸವೆದ ಕಪ್ಪು ರಟ್ಟಿನದ್ದು. ಚಿಲಕ ತೆಗೆದ ಸದ್ದಾದ ಮೇಲೆಯೇ ಅಪ್ಪ ಒಳಗೆ ಬರುತ್ತಿದ್ದದ್ದು.

ನಮ್ಮ ಸಭೆಗಳ ಬಗ್ಗೆಯೂ ಹೇಳಲೇಬೇಕು. ಪ್ರಾರ್ಥನೆ ಮಾಡಿ ಅನ್ನುತ್ತೇವೆ, ಆಮೇಲೆ ವಾರಪೂರ್ತಿ ಕೂಟ, ಕಮಿಟಿ, ತಾಲೀಮು ಇಡುತ್ತೇವೆ. ಹೆಂಗಸರ ಕೂಟದಲ್ಲಿ ಸಮಯ ಹೇಗೆ ಉಳಿಸಬೇಕು ಅಂತ ಉಪದೇಶ. ಗಂಡಸರ ಕೂಟದಲ್ಲಿ ಮನೆಗೆಲಸದ ಮಾತು ಒಂದು ಸಲವಾದರೂ ಬಂದದ್ದು ನಾನು ಕೇಳಿಲ್ಲ. ಕಷ್ಟ ಹೇಳಿಕೊಂಡವರ ಮೊಬೈಲಿಗೆ ಕೈಮುಗಿದ ಚಿತ್ರ ಕಳಿಸಿ ಮರೆತುಬಿಡುತ್ತೇವೆ. ಅವರ ಮಗುವನ್ನು ಅರ್ಧ ಗಂಟೆ ನೋಡಿಕೊಳ್ಳುತ್ತೇನೆ ಅನ್ನುವವರು ಎಷ್ಟು ಜನ?

ಸಹೋದರಿ, ಹತ್ತು ನಿಮಿಷ ಸಾಕು. ಆದರೆ ದಿನಾ ಅದೇ ಹೊತ್ತಿಗೆ, ಬಾಗಿಲು ಮುಚ್ಚಿಕೊಂಡು. ಮೊದಲ ಐದು ನಿಮಿಷ ಮನಸ್ಸು ಆಫೀಸಿನ ಲೆಕ್ಕ ಹಾಕುತ್ತಿದ್ದರೆ ಹಾಕಲಿ, ಎದ್ದು ಬರಬೇಡಿ. ಒಂದು ಕೀರ್ತನೆ ಓದಿ, ಅದೂ ಆಗದಿದ್ದರೆ ಸುಮ್ನೆ ಕೂತಿರಿ.

ಈ ಪುಟವನ್ನು ನಿಮ್ಮ ಮನೆಯವರಿಗೂ ಕೊಡಿ. ಸಹೋದರರೇ, ನಾಳೆ ಬೆಳಗ್ಗೆ ಆ ಹತ್ತು ನಿಮಿಷ ಮಕ್ಕಳು ಎದ್ದರೆ ನೀವು ಎತ್ತಿಕೊಳ್ಳಿ. ಒಳಕೋಣೆಯಿಂದ ಕರೆ ಬಂದರೆ ನೀವೇ ಹೋಗಿ ನೀರು ಕೊಡಿ. ಅವರು ನಿಮ್ಮ ತಾಯಿ ಅಲ್ವಾ?

– ಸಂಪಾದಕ