ರಾತ್ರಿ ಓಡುವ ಸ್ಕ್ರಿಪ್ಟ್‌ಗೆ ಸ್ನೋಫ್ಲೇಕ್ ಲಾಗಿನ್ ಹೇಗೆ ಕೊಡಬೇಕು?

ನಿಮ್ಮ ಪೈಥಾನ್ ಸ್ಕ್ರಿಪ್ಟ್ ನಿಮ್ಮದೇ ಯೂಸರ್‌ನೇಮ್, ಪಾಸ್‌ವರ್ಡ್ ಬಳಸಿ ಸ್ನೋಫ್ಲೇಕ್‌ಗೆ (ಕ್ಲೌಡ್‌ನಲ್ಲಿ ಡೇಟಾ ಇಡುವ ಸೇವೆ) ಡೇಟಾ ಹಾಕುತ್ತಿತ್ತು, ಎಂಎಫ್‌ಎ (ಪಾಸ್‌ವರ್ಡ್ ಜೊತೆ ಇನ್ನೊಂದು ದೃಢೀಕರಣ ಕೇಳುವುದು) ಬಂದ ಮೇಲೆ ಲಾಗಿನ್ ಆಗುತ್ತಿಲ್ಲ, ಎಂಎಫ್‌ಎ ತೆಗೆಸಬಹುದಾ ಅಂತ ಕೇಳಿದ್ದೀರಿ.

ತೆಗೆಸಬೇಡಿ. ತೊಂದರೆ ಇರುವುದು ಎಂಎಫ್‌ಎಯಲ್ಲಿ ಅಲ್ಲ. ಸ್ಕ್ರಿಪ್ಟ್ ನಿಮ್ಮ ಹೆಸರಲ್ಲಿ ಒಳಗೆ ಹೋಗುತ್ತಿದೆಯಲ್ಲ, ಅದೇ ತಪ್ಪು. ನಾಳೆ ನೀವು ಕೆಲಸ ಬಿಟ್ಟರೆ ಅದೂ ನಿಲ್ಲುತ್ತದೆ. ಅದಕ್ಕೆ ಬೇರೆಯೇ ಯೂಸರ್ ಮಾಡಿಸಿ, ಟೈಪ್ ಸರ್ವಿಸ್ ಅಂತ ಕೊಡಿಸಿ. ಇಂಥ ಯೂಸರ್‌ಗೆ ಪಾಸ್‌ವರ್ಡ್ ಇಡಲು ಆಗುವುದೇ ಇಲ್ಲ, ಎಂಎಫ್‌ಎ ಕೂಡ ಕೇಳುವುದಿಲ್ಲ. ಲೆಗಸಿ ಸರ್ವಿಸ್ ಅನ್ನುವ ಇನ್ನೊಂದು ಟೈಪ್ ಕಾಣಿಸಬಹುದು. ಅದರಲ್ಲಿ ಪಾಸ್‌ವರ್ಡ್ ನಡೆಯುತ್ತದೆ ಅಂತ ಆಸೆ ಪಡಬೇಡಿ, ಹೊಸದಾಗಿ ಮಾಡುವವರಿಗೆ ಅದು ಬೇಡ.

ಪಾಸ್‌ವರ್ಡ್ ಬದಲು ಕೀ ಜೋಡಿ ಬಳಸಿ, ಅಂದರೆ ನೀವು ಗುಟ್ಟಾಗಿಡುವ ಪ್ರೈವೇಟ್ ಕೀ, ಸ್ನೋಫ್ಲೇಕ್‌ಗೆ ಕೊಡುವ ಪಬ್ಲಿಕ್ ಕೀ. ಓಪನ್‌ಎಸ್‌ಎಸ್‌ಎಲ್ ಅನ್ನುವ ಟೂಲ್‌ನಲ್ಲಿ ಕನಿಷ್ಠ 2048 ಬಿಟ್‌ನ ಆರ್‌ಎಸ್‌ಎ ಕೀ ಮಾಡಿ, ಪಿಕೆಸಿಎಸ್ 8 ಅನ್ನುವ ಫೈಲ್ ರೂಪದಲ್ಲಿ ಉಳಿಸಿ, ಅದರಿಂದ ಪಬ್ಲಿಕ್ ಕೀ ತೆಗೆಯಿರಿ. ಪಬ್ಲಿಕ್ ಕೀಯನ್ನು ಆಲ್ಟರ್ ಯೂಸರ್ ಕಮಾಂಡ್‌ನಿಂದ ಆ ಯೂಸರ್‌ಗೆ ಸೇರಿಸಬೇಕು. ಬಹಳ ಜನ ಎಡವುವುದು ಇಲ್ಲೇ: ಫೈಲಿನ ಮೊದಲ ಮತ್ತು ಕೊನೆಯ ಸಾಲು, ಅಂದರೆ ‘ಬಿಗಿನ್’, ‘ಎಂಡ್’ ಅಂತ ಇರುವವು, ಅಂಟಿಸುವಾಗ ಬರಬಾರದು. ಆಮೇಲೆ ಡಿಸ್ಕ್ರೈಬ್ ಯೂಸರ್ ಓಡಿಸಿದರೆ ಕೀಯ ಫಿಂಗರ್‌ಪ್ರಿಂಟ್ (ಕೀಯನ್ನು ಗುರುತಿಸುವ ಚಿಕ್ಕ ಕೋಡ್) ಕಾಣಿಸುತ್ತದೆ. ನಿಮ್ಮ ಹತ್ತಿರ ಇರುವ ಕೀಯ ಫಿಂಗರ್‌ಪ್ರಿಂಟ್ ಜೊತೆ ಹೋಲಿಸಿ ನೋಡಿ. ಜೆಡಬ್ಲ್ಯುಟಿ ಟೋಕನ್ (ಪ್ರೈವೇಟ್ ಕೀಯಿಂದ ಸಹಿ ಮಾಡಿದ ಲಾಗಿನ್ ಚೀಟಿ) ಸರಿಯಿಲ್ಲ ಅನ್ನುವ ಎರರ್ ಬಂದಾಗ ನಾನು ಮೊದಲು ನೋಡುವುದು ಇದನ್ನೇ.

ಪ್ರೈವೇಟ್ ಕೀ ಸ್ಕ್ರಿಪ್ಟ್ ಓಡುವ ಕಡೆಯೇ ಇರಲಿ, ಗಿಟ್‌ಗೆ ಮಾತ್ರ ಹೋಗಬಾರದು. ಪಾಸ್‌ಫ್ರೇಸ್ ಹಾಕಿ ಅದನ್ನೂ ಪಕ್ಕದ ಫೈಲಿನಲ್ಲೇ ಬರೆದಿಟ್ಟರೆ ಸುಮ್ನೆ ದಂಡ, ಅಲ್ವಾ? ಸೀಕ್ರೆಟ್ ಮ್ಯಾನೇಜರ್ ಇದ್ದರೆ ಅಲ್ಲಿಡಿ. ಸ್ನೋಫ್ಲೇಕ್‌ನ ಪೈಥಾನ್ ಕನೆಕ್ಟರ್‌ಗೆ ಕೀ ಫೈಲಿನ ದಾರಿ ಮತ್ತು ಪಾಸ್‌ಫ್ರೇಸ್ ಕೊಟ್ಟರೆ ಸಾಕು.

ಕನೆಕ್ಟರ್‌ನಲ್ಲಿ ಅಕೌಂಟ್ ಅನ್ನುವ ಕಡೆ ಪೂರ್ತಿ ವೆಬ್ ವಿಳಾಸ ಹಾಕಬೇಡಿ. ಆರ್ಗನೈಸೇಶನ್ ಹೆಸರು, ಒಂದು ಹೈಫನ್, ಅಕೌಂಟ್ ಹೆಸರು, ಇಷ್ಟೇ.

ಲಾಗಿನ್ ಆದರೂ ಕೆಲಸ ಮುಗಿಯಲಿಲ್ಲ. ಯೂಸರ್ ಏನೇನು ಮಾಡಬಹುದು ಅಂತ ಹೇಳುವುದು ರೋಲ್. ಡೀಫಾಲ್ಟ್ ರೋಲ್ ಅಂತ ಬರೆದ ಮಾತ್ರಕ್ಕೆ ಆ ರೋಲ್ ಸಿಗುವುದಿಲ್ಲ, ಬೇರೆಯಾಗಿ ಗ್ರಾಂಟ್ ಮಾಡಬೇಕು. ಆ ರೋಲ್‌ಗೆ ವೇರ್‌ಹೌಸ್ (ಕ್ವೆರಿ ಓಡಿಸುವ ಕಂಪ್ಯೂಟಿಂಗ್ ಶಕ್ತಿ), ಡೇಟಾಬೇಸ್, ಸ್ಕೀಮಾ ಮೂರರ ಮೇಲೂ ಯೂಸೇಜ್ ಬೇಕು, ಟೇಬಲ್ ಮೇಲೆ ಇನ್ಸರ್ಟ್ ಬೇಕು. ಅಕೌಂಟ್‌ಅಡ್ಮಿನ್ ಅನ್ನುವ ಎಲ್ಲಕ್ಕಿಂತ ದೊಡ್ಡ ರೋಲ್ ಕೊಟ್ಟುಬಿಟ್ಟರೆ ಎಲ್ಲ ನಡೆಯುತ್ತದೆ ನಿಜ. ಆದರೆ ಕೀ ಒಂದು ಕಳೆದುಹೋದರೆ ಇಡೀ ಅಕೌಂಟ್ ಹೋದ ಹಾಗೆ.

ಕೀ ಬದಲಿಸುವಾಗ ಸ್ಕ್ರಿಪ್ಟ್ ನಿಲ್ಲಿಸಬೇಕಿಲ್ಲ. ಒಬ್ಬ ಯೂಸರ್‌ಗೆ ಎರಡು ಪಬ್ಲಿಕ್ ಕೀ ಇಡಬಹುದು. ಹೊಸದನ್ನು ಎರಡನೇ ಜಾಗದಲ್ಲಿ ಹಾಕಿ, ಸ್ಕ್ರಿಪ್ಟ್ ಅದರಿಂದ ಓಡಿದ್ದು ನೋಡಿ, ಹಳೆಯದನ್ನು ತೆಗೆಯಿರಿ.

ಇಷ್ಟಾದ ಮೇಲೂ ಸರ್ವರ್‌ನಿಂದ ಮಾತ್ರ ಕನೆಕ್ಟ್ ಆಗದಿದ್ದರೆ ನೆಟ್‌ವರ್ಕ್ ಪಾಲಿಸಿ (ಯಾವ ಐಪಿ ವಿಳಾಸದಿಂದ ಒಳಗೆ ಬರಬಹುದು ಅನ್ನುವ ನಿಯಮ) ತಡೆಯುತ್ತಿರಬಹುದು. ತಡೆದ ಐಪಿ ವಿಳಾಸ ಎರರ್‌ನಲ್ಲೇ ಇರುತ್ತದೆ, ಅದನ್ನು ನಿಮ್ಮ ಅಡ್ಮಿನ್‌ಗೆ ಕಳಿಸಿ.